ನಾಳಿನ ಆಸೆಯೂ ಗೃಹಸ್ಥನ ಹೊಣೆಯೂ

ಶರಣರು ಮರಣಕ್ಕೆ ಅಂಜಿದವರಲ್ಲ. ಲಿಂಗದಲ್ಲಿ ಬೆರೆಯುವ ಆ ಗಳಿಗೆಯನ್ನು ಅವರು ಹಬ್ಬವೆಂದೇ ಬಗೆದರು. ಆದರೆ ತಾನು ಲಿಂಗೈಕ್ಯನಾದ ಮರುದಿನ ಮನೆಯ ಒಲೆ ಉರಿಯುವ ಬಗೆ ಹೇಗೆಂದು ಎಣಿಸದ ಗೃಹಸ್ಥನ ನಿರ್ಭಯತೆಯನ್ನು ಭಕ್ತಿಯೆನ್ನಬಹುದೇ? ಅದರ ಫಲವನ್ನು ಉಣ್ಣುವವನು ಅವನಲ್ಲ; ಹಿಂದುಳಿದ ಮಡದಿಮಕ್ಕಳು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ನಾಳೆಗೆಂದು ಕೂಡಿಡುವ ಆಸೆಯನ್ನು ಶರಣರು ಒಪ್ಪಲಿಲ್ಲ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಸತಿ ಲಕ್ಕಮ್ಮನು ಆ ಹೆಚ್ಚಳವನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ಹಾಗಿರುವಲ್ಲಿ ಜೀವವಿಮೆ ಮಾಡಿಸುವುದು ಶಿವನಲ್ಲಿ ಅವಿಶ್ವಾಸವಾಗದೇ?

ಆಗದು. ಲಕ್ಕಮ್ಮನು ನಿರಾಕರಿಸಿದುದು ಆಸೆಯನ್ನು, ಹೊಣೆಯನ್ನಲ್ಲ. ಅಂದಿನ ದಾಸೋಹಕ್ಕೆ ಬೇಕಾದ ಅಕ್ಕಿಯನ್ನು ಆಕೆ ಹಿಂದಿರುಗಿಸಲಿಲ್ಲ. ಒಬ್ಬನು ದುಡಿದು ಐವರು ಉಣ್ಣುವ ಮನೆಯಲ್ಲಿ ಮಕ್ಕಳ ಅನ್ನವೂ ವಿದ್ಯೆಯೂ ಸಂಗ್ರಹವಲ್ಲ; ಅವು ಗೃಹಸ್ಥನು ತೀರಿಸಬೇಕಾದ ಋಣ. ಋಣವನ್ನು ತೀರಿಸದೆ ಹೋಗುವುದು ವೈರಾಗ್ಯವಲ್ಲ.

ವಿಮೆಯ ಮರ್ಮವೂ ಇಷ್ಟೇ. ಅನೇಕರು ಕೊಡುವ ಅಲ್ಪ ಕಂತುಗಳು ಒಂದು ನಿಧಿಯಾಗಿ, ಅಕಾಲದಲ್ಲಿ ಆಸರೆ ತಪ್ಪಿದ ಮನೆಗೆ ಊರೆಗೋಲಾಗುತ್ತವೆ. ಅವಧಿ ಮುಗಿಯುವವರೆಗೆ ಬದುಕಿದವನು ತನ್ನ ಕಂತು ವ್ಯರ್ಥವಾಯಿತೆಂದು ಮರುಗಬೇಕಾಗಿಲ್ಲ. ಅದು ತಾನು ಕಾಣದ ಮನೆಯ ಮಕ್ಕಳಿಗೆ ಅನ್ನವಾಗಿದೆ. ದಾಸೋಹಭಾವದ ಒಂದು ಅಂಶ ಇದರಲ್ಲಿಯೂ ಉಂಟು.

ಈ ನಾಡಿಗೆ ಇದು ಹೊಸತೂ ಅಲ್ಲ. ಮೈಸೂರು ಸಂಸ್ಥಾನವು ೧೮೯೧ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತು. ೧೯೫೬ರ ಸೆಪ್ಟೆಂಬರ್ ೧ರಂದು ಭಾರತೀಯ ಜೀವ ವಿಮಾ ನಿಗಮವು ಸ್ಥಾಪಿತವಾಯಿತು. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನಜ್ಯೋತಿ ಯೋಜನೆಗೆ ೧೮ರಿಂದ ೫೦ ವರ್ಷದೊಳಗೆ ಸೇರಬಹುದು. ೨೦೨೨ರಲ್ಲಿ ಅದರ ವಾರ್ಷಿಕ ಕಂತು ೪೩೬ ರೂಪಾಯಿಯಾಯಿತು, ಮರಣಾನಂತರ ಮನೆಯವರಿಗೆ ಸಲ್ಲುವುದು ಎರಡು ಲಕ್ಷ. ಕೂಲಿಯ ಕಾಯಕದವನಿಗೂ ಇದು ಎಟುಕದ್ದಲ್ಲ.

ಆದರೆ ವ್ಯಾಪಾರದ ಕೈ ಸೇರಿರುವಲ್ಲಿ ವಿವೇಕ ಬೇಕು. ಲಾಭದ ಆಸೆಗೆ ದೊಡ್ಡ ಕಂತನ್ನು ಒಪ್ಪಿ ನಡುವೆ ಕೈಬಿಡುವುದಕ್ಕಿಂತ, ಅಲ್ಪ ಕಂತಿನಲ್ಲಿ ಹಿರಿದಾದ ರಕ್ಷಣೆ ನೀಡುವ ಅವಧಿ ವಿಮೆಯೇ ಮೇಲು. ಅರ್ಜಿಯಲ್ಲಿ ರೋಗವನ್ನಾಗಲಿ ತಂಬಾಕಿನ ಚಟವನ್ನಾಗಲಿ ಮರೆಮಾಚಬಾರದು. ಅಂದು ಬರೆದ ಸುಳ್ಳಿಗೆ ಮುಂದೆ ಉತ್ತರ ಹೇಳಬೇಕಾದವಳು ಏನೂ ಅರಿಯದ ಮಡದಿ. ವಿವಾಹವಾದ ಮೇಲೆ ನಾಮನಿರ್ದೇಶನವನ್ನು ತಿದ್ದಿಸಬೇಕು. ಸಾಲಗಾರನಾದ ಗೃಹಸ್ಥನು ೧೮೭೪ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಂತೆ ಹೆಂಡತಿಮಕ್ಕಳ ಹಿತಕ್ಕೆಂದೇ ವಿಮೆ ಮಾಡಿಸಿದರೆ, ಆ ಹಣ ಸಾಮಾನ್ಯವಾಗಿ ಸಾಲ ಕೊಟ್ಟವರ ಪಾಲಾಗದು.

ಎಲ್ಲಕ್ಕಿಂತ ಮೊದಲು, ಪತ್ರವಿರುವ ಸ್ಥಳವನ್ನು ಮನೆಯಾಕೆಗೆ ತಿಳಿಸಿರಬೇಕು. ಸಾವಿನ ಮಾತು ಅಶುಭವೆಂದು ಗಂಡನು ಬಾಯಿ ಮುಚ್ಚಿದರೆ, ಪೆಟ್ಟಿಗೆಯ ತಳದಲ್ಲಿ ಮರೆತ ಪತ್ರ ಯಾರ ಹಸಿವನ್ನು ನೀಗೀತು? ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಅಂಗೈಯನ್ನು ಆಕೆ ಬಂಧುಗಳ ಮುಂದೆ ಒಡ್ಡುವಂತಾಗಬಾರದು. ಅಷ್ಟು ಹೊಣೆಯನ್ನು ಇಂದೇ ಸಲ್ಲಿಸಿ, ಉಳಿದುದನ್ನು ಶಿವನಿಗೆ ಒಪ್ಪಿಸಿದವನ ನಿಶ್ಚಿಂತೆಯೇ ನಿಜವಾದ ನಿಶ್ಚಿಂತೆ.