ಕಳೆ: ಗಿಡದ ಗುಣವೋ, ನಮ್ಮ ತೀರ್ಪೋ?

ಹೊಲದಲ್ಲಿ ನಿಂತ ರಾಗಿ ಪೈರೆನಿಸಿಕೊಳ್ಳುತ್ತದೆ. ಅದೇ ರಾಗಿಯ ಕಾಳೊಂದು ಹೂವಿನ ಮಡಿಯಲ್ಲಿ ಬಿದ್ದು ಮೊಳೆತರೆ ಕಳೆಯೆನಿಸಿಕೊಳ್ಳುತ್ತದೆ. ಗಿಡ ಒಂದೇ; ನಿಂತ ನೆಲ ಬೇರೆ, ನೋಡುವ ಕಣ್ಣು ಬೇರೆ. ಹಾಗಾದರೆ ‘ಕಳೆ’ ಎಂಬುದು ಗಿಡದಲ್ಲಿರುವ ಗುಣವೋ, ನಾವು ಅದರ ಮೇಲೆ ಹೊರಿಸುವ ತೀರ್ಪೋ? ತೀರ್ಪೇ ಆಗಿದ್ದಲ್ಲಿ, ತೀರ್ಪು ಕೊಡುವವನ ಮೇಲೆ ಯಾವ ಹೊಣೆ ಬೀಳುತ್ತದೆ? ಈ ಸ್ಮರಣ ಸಂಚಿಕೆಯ ಓದುಗರೊಡನೆ ನಾವು ವಿಚಾರ ಮಾಡಬಯಸುವ ಪ್ರಶ್ನೆ ಇದು.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ಹೊಸೂರಿನ ಸುತ್ತಮುತ್ತ ಇಂದು ಮನೆಮನೆಯಲ್ಲಿಯೂ ಇದು ಏಳುತ್ತಿದೆ. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿವೆ. ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದ ಅಂಗಳದ ಬದಲು, ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೆ ಜಲ್ಲಿ ಹಾಸಿದ ದಾರಿ ಬಂದಿದೆ. ಕೃಷ್ಣಗಿರಿ ಜಿಲ್ಲೆ ಗ್ರಾನೈಟ್ ಕಲ್ಲಿಗೆ ಹೆಸರಾದದ್ದು. ಇಲ್ಲಿ ಜಲ್ಲಿಗೆ ಬರವಿಲ್ಲ. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಆ ಬೂದುಬಣ್ಣದ ಕಲ್ಲುಗಳ ನಡುವೆ ಹಸಿರು ತಲೆಯೆತ್ತುತ್ತದೆ. ‘ಕಲ್ಲು ಹಾಕಿಸಿದರೂ ಬಿಡಲಿಲ್ಲವಲ್ಲ’ ಎಂದು ಯಜಮಾನರು ಬೇಸರಪಡುತ್ತಾರೆ.

ನಮ್ಮ ಊರಿನ ಮಾತುಗಳೇ ಈ ವಿಚಾರಕ್ಕೆ ಒಳ್ಳೆಯ ಪ್ರವೇಶ ಕೊಡುತ್ತವೆ. ಕನ್ನಡದಲ್ಲಿ ಕಳೆ ಎಂದರೆ ಬೇಡದ ಗಿಡ. ಕಳೆ ಎಂದರೆ ತೆಗೆದುಹಾಕು ಎಂದೂ ಅರ್ಥ. ಕೂಡುವ, ಕಳೆಯುವ ಲೆಕ್ಕವನ್ನು ಒಂದನೆಯ ತರಗತಿಯ ಮಕ್ಕಳೂ ಬಲ್ಲರು. ಅದೇ ಕಳೆ ಮುಖದ ಮೇಲಿನ ಕಾಂತಿಯೂ ಹೌದು. ತಮಿಳಿನ ‘ಕಳೈ’ ಎಂಬ ಮಾತಿನಲ್ಲಿಯೂ ಈ ಮೂರು ಅರ್ಥಗಳಿವೆ. ತೆಲುಗಿನವರು ಮಾತ್ರ ಕಳೆಗೆ ‘ಕಲುಪು’ ಎನ್ನುತ್ತಾರೆ. ಅವರಲ್ಲಿ ಕಲುಪು ಎಂದರೆ ಕೂಡಿಸು, ಬೆರೆಸು ಎಂದೂ ಅರ್ಥ. ಭಾಷಾಶಾಸ್ತ್ರಜ್ಞರು ಈ ಪದಗಳ ಮೂಲಗಳನ್ನು ಬೇರೆಬೇರೆಯಾಗಿ ವಿಂಗಡಿಸಬಹುದು. ಆದರೆ ಮೂರೂ ಭಾಷೆಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಈ ಊರಿನಲ್ಲಿ, ಒಂದೇ ಗಿಡದ ಮುಂದೆ ಒಂದು ಮಾತು ಕಳೆ ಎನ್ನುತ್ತದೆ, ಇನ್ನೊಂದು ಮಾತು ಕೂಡಿಸು ಎನ್ನುತ್ತದೆ. ಯಾವುದನ್ನು ಎಲ್ಲಿ ಕೇಳಬೇಕೆಂಬುದೇ ವಿವೇಕ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಜಲ್ಲಿಯ ಕೆಳಗೆ ದಪ್ಪನೆಯ ಹಾಳೆ ಹಾಸಿದರೆ ಕಳೆ ಬರುವುದಿಲ್ಲವೆಂದು ಅನೇಕರು ನಂಬಿರುತ್ತಾರೆ. ಹಾಳೆ ಕೆಳಗಿನಿಂದ ಬರುವುದನ್ನು ಬಹುಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಒಂದೆರಡು ವರ್ಷಗಳಲ್ಲಿ ಗಾಳಿ ತಂದ ಧೂಳು, ಉದುರಿ ಕೊಳೆತ ಎಲೆ, ಕಲ್ಲಿನದೇ ಪುಡಿ ಇವೆಲ್ಲ ಸೇರಿ ಜಲ್ಲಿಯ ಸಂದುಗಳಲ್ಲಿ ತೆಳುವಾದ ಮಣ್ಣಿನ ಪದರವಾಗುತ್ತದೆ. ಗಾಳಿ, ಹಕ್ಕಿ, ವಾಹನದ ಚಕ್ರ ತಂದ ಬೀಜಗಳು ಅಲ್ಲಿ ಬೇರೂರುತ್ತವೆ. ಹಾಳೆಯಿಲ್ಲದ ಕಡೆ ಕೆಳಗಿನ ಹಳೆಯ ಹೊಲವೂ ಸುಮ್ಮನಿರುವುದಿಲ್ಲ. ಮಣ್ಣಿನಲ್ಲಿ ಬೀಜಗಳು ಎಷ್ಟು ಕಾಲ ಜೀವ ಹಿಡಿದಿರಬಲ್ಲವೆಂಬುದನ್ನು ತಿಳಿಯಲು ಅಮೆರಿಕದ ಮಿಷಿಗನ್ನಿನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಇಪ್ಪತ್ತು ಸೀಸೆಗಳಲ್ಲಿ ಕಳೆಬೀಜಗಳನ್ನು ತುಂಬಿ ಹೂಳಿದನು. 2021ರಲ್ಲಿ ಒಂದು ಸೀಸೆಯನ್ನು ಅಗೆದು ತೆಗೆದಾಗ, 142 ವರ್ಷಗಳ ಬಳಿಕವೂ ಕೆಲವು ಬೀಜಗಳು ಮೊಳೆತವು. ನಮ್ಮ ನಿವೇಶನಗಳ ಪತ್ರಕ್ಕೆ ಇಪ್ಪತ್ತು ಮೂವತ್ತು ವರ್ಷ ವಯಸ್ಸಾಗಿದ್ದರೆ ಹೆಚ್ಚು. ಆ ಅಂಗಳದಲ್ಲಿ ಹಳಬರು ಯಾರು, ಹೊಸಬರು ಯಾರು ಎಂಬ ಪ್ರಶ್ನೆಗೆ ಗಿಡ ಕೊಡುವ ಉತ್ತರ ನಮಗೆ ಅನುಕೂಲವಾದುದಲ್ಲ.

ಹಾಗೆಂದು ಕಳೆ ಕೀಳುವುದೇ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ರೈತನ ಹೊಲದಲ್ಲಿ ಕಳೆಯು ಪೈರಿನ ನೀರನ್ನೂ ಸಾರವನ್ನೂ ಬೆಳಕನ್ನೂ ಹಂಚಿಕೊಳ್ಳುತ್ತದೆ. ಅಲ್ಲಿ ಕೀಳದಿದ್ದರೆ ಮನೆಮಂದಿಯ ಊಟಕ್ಕೆ ಕೊರತೆ. ಆದರೆ ನಮ್ಮ ಹಿರಿಯರು ಕೀಳುವಾಗಲೂ ಕಣ್ಣು ಮುಚ್ಚಿ ಕೀಳಲಿಲ್ಲವೆಂಬುದನ್ನು ಗಮನಿಸಬೇಕು. ರಾಗಿಹೊಲದಲ್ಲಿ ಕುಂಟೆ ಹೊಡೆದ ಮೇಲೆ ಕಳೆಗೆ ಇಳಿದ ಹೆಣ್ಣುಮಕ್ಕಳು ಅಣ್ಣೆಸೊಪ್ಪು, ಗೋಣಿಸೊಪ್ಪು, ಗಣಿಕೆಸೊಪ್ಪುಗಳನ್ನು ಬೇರೆ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಅದು ಬೆರಕೆಸೊಪ್ಪಿನ ಸಾರಾಗಿ ಮುದ್ದೆಯ ಜೊತೆಗೂಡುತ್ತಿತ್ತು. ಉಳಿದದ್ದು ದನದ ಮುಂದೆ ಬೀಳುತ್ತಿತ್ತು. ಹೊಲದಿಂದ ಕಳೆದದ್ದು ಮನೆಯಲ್ಲಿ ಕೂಡುತ್ತಿತ್ತು.

ಜಲ್ಲಿಯ ದಾರಿಯಲ್ಲಿ ಕಾಪಾಡಬೇಕಾದ ಪೈರಿಲ್ಲ. ಆದರೂ ಅಲ್ಲಿ ಕೀಳಲು ನ್ಯಾಯವಾದ ಕಾರಣಗಳುಂಟು. ಗಿಡ ಎತ್ತರವಾದರೆ ಹಾವು ಚೇಳು ಕಾಣುವುದಿಲ್ಲ, ವಯಸ್ಸಾದವರು ಎಡವುತ್ತಾರೆ, ನಡೆಯುವ ದಾರಿ ನಡೆಯಲು ಯೋಗ್ಯವಾಗಿರಬೇಕು. ಇದರ ಜೊತೆಗೆ ಇನ್ನೊಂದು ಕಾರಣವೂ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಎದುರುಮನೆಯ ದಾರಿಗಿಂತ ನಮ್ಮದು ಬೋಳಾಗಿರಬೇಕೆಂಬ ಹಮ್ಮು ಅದು. ಕೈ ಹಾಕುವ ಮೊದಲು ಇವೆರಡನ್ನು ಬೇರ್ಪಡಿಸಿಕೊಳ್ಳುವುದು ಮೊದಲನೆಯ ಹೊಣೆ. ಈ ಗಿಡದಿಂದ ಯಾರಿಗಾದರೂ ಕೇಡಿದೆಯೇ, ಅಥವಾ ನಮ್ಮ ಕಣ್ಣಿಗೆ ಮಾತ್ರ ಕಿರಿಕಿರಿಯೇ?

ಕೇಡು ಮಾಡುವ ಗಿಡಗಳು ನಿಜವಾಗಿಯೂ ಇವೆ. ಪಾರ್ಥೇನಿಯಂ ಅಂಥದು. ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು, ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಅದರ ಸೋಂಕಿನಿಂದ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ ಬರುವುದುಂಟು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಮೇಯುತ್ತದೆ, ಆದರೂ ಗಿಡ ಅಳಿದಿಲ್ಲ. ಲಂಟಾನದ ಕಥೆ ಇನ್ನೂ ಬೋಧಪ್ರದ. ಆಂಗ್ಲರು ಅದನ್ನು ಹೂವಿನ ಚೆಲುವಿಗಾಗಿ ತೋಟಕ್ಕೆ ತಂದರು. ತೋಟದ ಬೇಲಿ ದಾಟಿ ಅದು ಡೆಂಕಣಿಕೋಟೆ, ತಳಿಯ ಕಾಡುಗಳನ್ನು ಹೊಕ್ಕು ಆನೆ ಜಿಂಕೆಗಳ ಮೇವಿಗೆ ಎಡೆಯಿಲ್ಲದಂತೆ ಮಾಡುತ್ತಿದೆ. ಒಬ್ಬರ ಅಲಂಕಾರ ಇನ್ನೊಬ್ಬರ ಹಸಿವಾಯಿತು. ಇಂಥ ಗಿಡ ಪಕ್ಕದ ಖಾಲಿ ನಿವೇಶನದಲ್ಲಿದ್ದರೂ, ಹೂ ಬಿಡುವ ಮೊದಲೇ ಕೈಗೆ ಚೀಲ ಕಟ್ಟಿಕೊಂಡು ಕೀಳುವುದು ನೆರೆಹೊರೆಯವರೆಲ್ಲರ ಕರ್ತವ್ಯ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ತಕ್ಷಶಿಲೆಯಲ್ಲಿ ಗುರುವು ಜೀವಕನಿಗೆ, ಔಷಧಕ್ಕೆ ಒದಗದ ಗಿಡವೊಂದನ್ನು ಹುಡುಕಿ ತಾ ಎಂದನಂತೆ. ಜೀವಕನು ಸುತ್ತಲೂ ಅಲೆದು ಬರಿಗೈಯಲ್ಲಿ ಬಂದನಂತೆ. ಬೌದ್ಧ ಗ್ರಂಥಗಳ ಈ ಕಥೆಯನ್ನು ಹೇಳಿ, ಎಲ್ಲಕ್ಕೂ ಉಪಯೋಗವಿರುವುದರಿಂದ ಯಾವುದೂ ಕಳೆಯಲ್ಲ ಎನ್ನುವವರಿದ್ದಾರೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಮಾಡುತ್ತಿರುವುದನ್ನು ಕಂಡರೆ ಜೀವಕನ ಮಾತು ಇಂದಿಗೂ ಸುಳ್ಳಲ್ಲ. ಆದರೆ ಉಪಯೋಗವೊಂದನ್ನೇ ಅಳತೆಗೋಲಾಗಿಸಿದರೆ, ನಮಗೆ ಉಪಯೋಗವಾಗದುದಕ್ಕೆ ಬದುಕುವ ಹಕ್ಕಿಲ್ಲವೆಂದು ಒಪ್ಪಿದಂತಾಗುತ್ತದೆ. ಅದು ಅಪಾಯದ ತರ್ಕ. ಕೇಡು ಮಾಡದ ಗಿಡ ತನ್ನ ಉಪಯೋಗವನ್ನು ನಮ್ಮೆದುರು ರುಜುವಾತುಪಡಿಸಬೇಕಾದ ಅಗತ್ಯವಿಲ್ಲ.

ಎರಡನೆಯ ಹೊಣೆ ವಿಧಾನಕ್ಕೆ ಸಂಬಂಧಿಸಿದ್ದು. ಈಚೆಗೆ ಎಲ್ಲರೂ ಮೊದಲು ಕೇಳುವುದು ಕಳೆನಾಶಕವನ್ನು. ಅವುಗಳಲ್ಲಿ ಪ್ರಸಿದ್ಧವಾದ ಗ್ಲೈಫೋಸೇಟ್ 1974ರಿಂದ ಮಾರಾಟದಲ್ಲಿದೆ. ಗಿಡಗಳು ತಮಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನು ಅದು ಮುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಬೇರೆ ಕೆಲವು ನಿಯಂತ್ರಣ ಸಂಸ್ಥೆಗಳು ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ, ಕೀಟನಿಯಂತ್ರಣದ ಪರವಾನಗಿ ಪಡೆದವರ ಹೊರತು ಬೇರೆಯವರು ಅದನ್ನು ಬಳಸಬಾರದೆಂದು ಆದೇಶಿಸಿತು. ವಿಜ್ಞಾನಿಗಳ ವಾದ ಮುಂದುವರಿಯಲಿ. ನೀತಿಯ ಪ್ರಶ್ನೆ ಇನ್ನೂ ಸರಳವಾದುದು. ಸಿಂಪಡಿಸುವವನು ಸಾಮಾನ್ಯವಾಗಿ ಮನೆಯ ಯಜಮಾನನಲ್ಲ. ದಿನಗೂಲಿಗೆ ಬಂದವನು ಬರಿಗಾಲಿನಲ್ಲಿ, ಬಾಯಿಗೆ ಬಟ್ಟೆಯಿಲ್ಲದೆ ಡಬ್ಬವನ್ನು ಬೆನ್ನಿಗೆ ಹೊರುತ್ತಾನೆ. ಜಲ್ಲಿ ನೀರನ್ನು ಹಿಡಿದಿಡುವುದಿಲ್ಲ; ಮಳೆ ಬಂದರೆ ಮೇಲೆ ಬಿದ್ದದ್ದು ಚರಂಡಿಗೆ, ಹಳ್ಳಕ್ಕೆ ಹರಿಯುತ್ತದೆ. ಈ ಸೀಮೆಯ ಹಳ್ಳಗಳು ಬಹುಪಾಲು ಸೇರುವ ದಕ್ಷಿಣ ಪಿನಾಕಿನಿ ಕೆಲವರಪಳ್ಳಿ ಅಣೆಕಟ್ಟಿನಿಂದ ಮುಂದೆ ಕೃಷ್ಣಗಿರಿ ಅಣೆಕಟ್ಟಿಗೆ ಹೋಗುತ್ತದೆ. ಬೋಳು ದಾರಿಯ ಅಂದ ನಮ್ಮದು, ಅದರ ಬೆಲೆ ಇನ್ನೊಬ್ಬರದು ಎಂದಾದರೆ ಅದು ಧರ್ಮವಲ್ಲ.

ಬೇರೆ ದಾರಿ ಇಲ್ಲದಿಲ್ಲ. ಮಳೆ ನಿಂತ ಮರುದಿನ ನೆಲ ಸಡಿಲವಾಗಿರುವಾಗ ಗಿಡ ಬೇರುಸಹಿತ ಬರುತ್ತದೆ. ಹೂ ಕಾಯಾಗುವ ಮೊದಲೇ ಕೀಳಬೇಕು. ಬೀಜ ಉದುರಿದ ಮೇಲೆ ಕಿತ್ತರೆ ಕೆಲಸ ಇಮ್ಮಡಿಸುತ್ತದೆ. ವಾರಕ್ಕೊಮ್ಮೆ ಹಲ್ಲುಗೋಲಿನಿಂದ ಜಲ್ಲಿಯನ್ನು ಕೆದಕಿದರೆ ಎಳೆಯ ಮೊಳಕೆ ಬಿಸಿಲಿಗೆ ಒಣಗುತ್ತದೆ. ಬಿದ್ದ ಎಲೆಯನ್ನು ಗುಡಿಸಿದರೆ ಮಣ್ಣಿನ ಪದರವೇ ಕೂಡುವುದಿಲ್ಲ. ಸಂದುಗಳ ಎಳೆಗಿಡಕ್ಕೆ ಕುದಿಯುವ ನೀರು ಸಾಕು. ಉಪ್ಪು ಸುರಿದರೆ ಅಕ್ಕಪಕ್ಕದ ನೆಲವೂ ಕೆಡುತ್ತದೆ. ಜೇಕಿನಂಥ ಗಿಡವನ್ನು ಮೇಲೆ ಕಿತ್ತು ಪ್ರಯೋಜನವಿಲ್ಲ. ನೆಲದೊಳಗೆ ಸರಪಳಿಯಂತೆ ಹೆಣೆದ ಗಡ್ಡೆಗಳನ್ನು ಅಗೆದು ತೆಗೆಯಬೇಕು. ಇದಕ್ಕೆಲ್ಲ ಸಮಯ ಬೇಕು, ಬೆನ್ನು ಬಾಗಬೇಕು. ಬಾಗಿದವನಿಗೆ ತಾನು ಏನನ್ನು ಕೀಳುತ್ತಿದ್ದೇನೆಂಬುದು ಕಾಣುತ್ತದೆ. ನಿಂತು ಸಿಂಪಡಿಸುವವನಿಗೆ ಎಲ್ಲವೂ ಒಂದೇ ಹಸಿರು.

ಮೂರನೆಯ ಹೊಣೆ ಮಾತಿನದು, ಮತ್ತು ಇದು ಎಲ್ಲಕ್ಕಿಂತ ಭಾರವಾದುದು. ಕಳೆ ಎಂಬ ಪದ ಗಿಡದಲ್ಲಿಯೇ ನಿಲ್ಲುವುದಿಲ್ಲ. ಸುಲಭವಾಗಿ ಮನುಷ್ಯರ ಮೇಲೆ ಜಾರುತ್ತದೆ. ಓದಿನಲ್ಲಿ ಹಿಂದುಳಿದ ಹುಡುಗನನ್ನು ‘ತರಗತಿಯ ಕಳೆ’ ಎನ್ನುವವರನ್ನು ಅಧ್ಯಾಪಕ ವೃತ್ತಿಯಲ್ಲಿ ನಾವು ಕಂಡಿದ್ದೇವೆ. ತಿರುಕ್ಕುರಳಿನಲ್ಲಿಯೂ ಈ ಹೋಲಿಕೆ ಇದೆ. ಆದರೆ ವಳ್ಳುವರು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂಬುದನ್ನು ನೋಡಬೇಕು. ಅರಸನು ಕೊಲೆಪಾತಕರನ್ನು ದಂಡಿಸುವುದನ್ನು ಮಾತ್ರ ಅವರು ಕಳೆ ಕೀಳುವುದಕ್ಕೆ ಹೋಲಿಸಿದರು. ಅಲ್ಲಿ ತೀರ್ಪು ಮಾಡಿದ ಕೃತ್ಯದ ಮೇಲೆ. ಹುಟ್ಟಿದ ಜಾಗದ ಮೇಲಲ್ಲ, ಆಡುವ ಭಾಷೆಯ ಮೇಲಲ್ಲ.

ಗಡಿಯಲ್ಲಿ ಬದುಕುವ ನಮಗೆ ಈ ವ್ಯತ್ಯಾಸವನ್ನು ಬೇರೆಯವರು ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮುಂದೆ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಅದರಿಂದ 2004ರಲ್ಲಿ ಕೃಷ್ಣಗಿರಿಯೂ ಬೇರೆಯಾದವು. ಗೆರೆಗಳು ಸರಿದವು, ನಮ್ಮ ಅಜ್ಜ ಅಜ್ಜಿಯರು ನಿಂತಲ್ಲಿಯೇ ನಿಂತಿದ್ದರು. ಆದರೂ ‘ನಿಮ್ಮ ಊರು ಯಾವುದು, ಇಲ್ಲಿಗೆ ಏಕೆ ಬಂದಿರಿ’ ಎಂಬ ಪ್ರಶ್ನೆಯನ್ನು ನಮ್ಮವರು ಗೆರೆಯ ಎರಡು ಬದಿಯಲ್ಲಿಯೂ ಕೇಳಿದ್ದಾರೆ. ನಿಂತ ನೆಲದಲ್ಲಿಯೇ ಅಸ್ಥಾನದವರೆನಿಸಿಕೊಳ್ಳುವ ನೋವು ನಮಗೆ ಗೊತ್ತಿದೆ. ಅದು ಗೊತ್ತಿದ್ದವರ ಬಾಯಲ್ಲಿ, ಸಿಪ್‌ಕಾಟ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರಗಳಿಂದ ಬಂದು ಶೀಟಿನ ಕೋಣೆಗಳಲ್ಲಿ ಬದುಕುವ ಹುಡುಗರ ಬಗ್ಗೆ ‘ಎಲ್ಲೆಲ್ಲಿಂದಲೋ ಬಂದು ತುಂಬಿಕೊಂಡರು’ ಎಂಬ ಮಾತು ಬರಬಾರದು. ಗಿಡಕ್ಕೆ ನಾವು ಕೊಡುವ ತೀರ್ಪನ್ನು ಗಿಡ ಪ್ರಶ್ನಿಸಲಾರದು. ಮನುಷ್ಯನು ಪ್ರಶ್ನಿಸಬಲ್ಲನು, ಮತ್ತು ಅವನ ಪ್ರಶ್ನೆಗೆ ನಾವು ಉತ್ತರ ಕೊಡಲೇಬೇಕು. ಅಂಗಳದ ನ್ಯಾಯವನ್ನು ಊರಿಗೆ ಅನ್ವಯಿಸುವುದು ಇಲ್ಲಿಯೇ ಮುರಿದುಬೀಳುತ್ತದೆ.

ಆದ್ದರಿಂದ ಸಂಘದ ಕುಟುಂಬಗಳಿಗೆ ನಮ್ಮದೊಂದು ವಿನಂತಿ. ಈ ಮಳೆಗಾಲದಲ್ಲಿ ಜಲ್ಲಿಯ ದಾರಿ ಹಸಿರಾದಾಗ, ಕೀಳುವ ಮೊದಲು ಮಕ್ಕಳನ್ನು ಕರೆದು ಒಂದೊಂದು ಗಿಡದ ಹೆಸರನ್ನು ಹೇಳಿಸಿರಿ. ತುಂಬೆ ತಮಿಳಿನಲ್ಲಿ ತುಂಬೈ, ತೆಲುಗಿನಲ್ಲಿ ತುಮ್ಮಿ. ಗರಿಕೆ ತೆಲುಗಿನಲ್ಲಿ ಗರಿಕ, ತಮಿಳಿನಲ್ಲಿ ಅರುಗಂಪುಲ್. ಉತ್ತರಾಣಿ ತೆಲುಗಿನವರಿಗೆ ಉತ್ತರೇಣಿ, ತಮಿಳರಿಗೆ ನಾಯುರುವಿ. ಹೆಸರು ತಿಳಿದ ಮೇಲೆ ಕೀಳಬೇಕಾದುದನ್ನು ಧಾರಾಳವಾಗಿ ಕೀಳಿರಿ. ಬೇಲಿಯ ಅಂಚಿನಲ್ಲಿ ಗರಿಕೆಗೆ, ತುಂಬೆಗೆ ಒಂದು ಮೊಳ ಜಾಗ ಬಿಟ್ಟರೆ ಕಾರಿಗೆ ಅಡ್ಡಿಯಾಗದು, ಚೌತಿಯ ಪೂಜೆಗೂ ಒದಗೀತು. ಹೆಸರು ಕೇಳದೆ ಯಾರನ್ನೂ, ಯಾವುದನ್ನೂ ಕಳೆ ಎನ್ನಬಾರದೆಂಬ ಅಭ್ಯಾಸ ಮಕ್ಕಳಿಗೆ ಅಂಗಳದಲ್ಲಿಯೇ ಆಗಲಿ.