ಕಿವಿಗೆ ಬಿದ್ದ ಹಾಡುಗಳು

ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ಕಿಗೆ (ಇಡಿಎಂ) ಮನಸೋತ ಹುಡುಗರ ನಡುವೆ ಒಂದು ಪ್ರಶ್ನೆ ಆಗಾಗ ಏಳುತ್ತದೆ: ಇದು ಸಿಗುವ ಮೊದಲು ನಿನಗೆ ಯಾವ ಸಂಗೀತ ಇಷ್ಟವಿತ್ತು? ಬೆಂಗಳೂರು, ಮುಂಬೈಯಲ್ಲಿ ಬೆಳೆದವರಿಗೆ ಉತ್ತರ ಸಲೀಸು. ರಾಕ್ ಅನ್ನುತ್ತಾರೆ, ರಹಮಾನ್ ಅನ್ನುತ್ತಾರೆ, ಮೈಕಲ್ ಜಾಕ್ಸನ್ ಅನ್ನುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಹೋದ ಹುಡುಗ ಇಲ್ಲಿ ತಡವರಿಸುತ್ತಾನೆ. ಅವನ ಬಾಲ್ಯದಲ್ಲಿ ಹಾಡಿಗೆ ಬರವಿರಲಿಲ್ಲ. ಆದರೆ ಇದು ಬೇಕು, ಅದು ಬೇಡ ಎಂದು ಆರಿಸಿಕೊಳ್ಳುವ ಅವಕಾಶ ಅವನಿಗೆಲ್ಲಿತ್ತು? ಹಾಡು ತನ್ನ ಕಾಲಕ್ಕೆ ತಾನು ಬರುತ್ತಿತ್ತು, ಮನೆಯಲ್ಲಿದ್ದವರ ಕಿವಿಗೆಲ್ಲ ಬೀಳುತ್ತಿತ್ತು.

ನಮ್ಮ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡದ ಬುಡಕ್ಕೊಂದು ಮನೆ, ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ. ಇನ್ನೊಂದು ಮನೆ ಕಾಣಬೇಕಾದರೆ ಗದ್ದೆಯ ಅಂಚು ಹಿಡಿದು ನಡೆಯಬೇಕು. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಎದುರು ಕೂತವರ ಮಾತೇ ಕೇಳದು. ಇಂಥ ಸೀಮೆಯಲ್ಲಿ ಸಂಗೀತಕ್ಕೆ ಋತುಗಳಿದ್ದವು. ನವರಾತ್ರಿಗೆ ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಯ ಕಛೇರಿ, ದೀಪಾವಳಿಗೆ ಅಂಟಿಗೆ ಪಂಟಿಗೆ, ಕೊಯ್ಲು ಮುಗಿದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ, ಬೇಸಿಗೆಯ ಮದುವೆಗಳಲ್ಲಿ ಹೆಂಗಸರ ಸೋಬಾನೆ. ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅಲ್ಲಿ ಡಿಸೆಂಬರಿನ ಚಳಿಗೆ ಕ್ಯಾರಲ್ ಹಾಡುವವರು ಬರುತ್ತಾರೆ. ವರ್ಷವಿಡೀ ಜೊತೆಗಿದ್ದದ್ದು ರೇಡಿಯೊ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಈ ಮೂರೂ ತಾಲ್ಲೂಕಿನ ಜಗಲಿಗಳಲ್ಲಿ, ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಹಾಡಿತು. ಅಲ್ಲೂ ಹಾಡನ್ನು ಆರಿಸುವವರು ಬೇರೆಯವರೇ. ಸುಲಿಯುವ ಕೈ ನಿಲ್ಲಿಸದೆ, ಬಂದದ್ದನ್ನೆಲ್ಲ ಕೇಳುತ್ತಿದ್ದರು.

ಅಂಟಿಗೆ ಪಂಟಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ದೀಪಾವಳಿಯ ರಾತ್ರಿಗಳಲ್ಲಿ ಊರಿನ ಗಂಡಸರ ತಂಡವೊಂದು ದೀಪ ಹಿಡಿದು ಹೊರಡುತ್ತದೆ. ದೀಪ ಆರಬಾರದು, ಗಾಳಿಗೆ ಕಂಬಳಿ ಅಡ್ಡ ಹಿಡಿದು ಕಾಯುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಮೊದಲು ಬಾಗಿಲು ತೆಗೆಸುವ ಪದ. ಇಬ್ಬರು ಸಾಲು ಎತ್ತುತ್ತಾರೆ. ಅವರ ಉಸಿರು ಮುಗಿಯುವ ಮೊದಲೇ ಹಿಂದಿನವರು ಅದೇ ಸಾಲನ್ನು ಹಿಡಿಯುತ್ತಾರೆ. ಒಂದು ಜೋಡಿಯ ಕೊನೆಯ ಅಕ್ಷರದ ಮೇಲೆ ಇನ್ನೊಂದು ಜೋಡಿಯ ಮೊದಲ ಅಕ್ಷರ ಬಂದು ಕೂರುತ್ತದೆ, ನಡುವೆ ಕೂದಲೆಳೆಯಷ್ಟೂ ಜಾಗ ಉಳಿಯುವುದಿಲ್ಲ. ಮನೆಯೊಡತಿ ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆಯುತ್ತಾಳೆ. ಎಣ್ಣೆಗೊಂದು ಪದ, ದೀಪಕ್ಕೊಂದು ಪದ, ಬಲೀಂದ್ರನಿಗೊಂದು. ಅಕ್ಕಿ, ಕಾಯಿ, ದುಡ್ಡು ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ಪದ ಬದಲಾದರೂ ಧಾಟಿಗಳು ಕೆಲವೇ. ಹಾಸಿಗೆಯಲ್ಲಿ ಅರೆನಿದ್ದೆಯಲ್ಲಿರುವ ಮಗುವಿಗೆ ಅದೇ ರಾಗ ಗದ್ದೆಯಾಚೆ ಕೇಳುತ್ತದೆ, ಅಂಗಳದಲ್ಲಿ ಕೇಳುತ್ತದೆ, ಆಮೇಲೆ ತೋಟದಾಚೆಯ ಮನೆಯಲ್ಲಿ ಮತ್ತೆ ಕೇಳುತ್ತದೆ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಮನೆಯ ಹಿರಿಯರು ಮಕ್ಕಳ ಇಡಿಎಂ ಬಗ್ಗೆ ಆಡುವ ಮೊದಲ ದೂರು ‘ಅದೇ ಅದೇ ಬಡಿತ’ ಎಂದು. ಆದರೆ ಅದೇ ಅದೇ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಕೆಲವೇ ಧಾಟಿಗಳಲ್ಲಿ ಇಡೀ ರಾತ್ರಿ ಕಳೆಯುವುದನ್ನು, ಆ ಪುನರಾವರ್ತನೆಯಲ್ಲಿ ಮನಸ್ಸು ಮೆಲ್ಲಗೆ ಸಡಿಲವಾಗುವುದನ್ನು ಈ ಹಿರಿಯರೇ ನಮಗೆ ಕಲಿಸಿದರು. ಅವರ ಮೊಮ್ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ತಾಳದ ಮೇಲೆ ಗಂಟೆಗಟ್ಟಲೆ ಕೂರಬಲ್ಲ ಎಂದರೆ ಆ ಕಿವಿ ಎಲ್ಲಿ ತಯಾರಾಯಿತು ಎಂದು ನಾನು ಯೋಚಿಸುತ್ತೇನೆ.

ಕ್ಯಾಸೆಟ್ ಬಂದಾಗ ಮೊದಲ ಸಲ ಹಾಡು ನಮ್ಮ ಕೈಗೆ ಬಂತು. 1978ರ ‘ನಿತ್ಯೋತ್ಸವ’ದಿಂದ ಭಾವಗೀತೆ ಮನೆಯೊಳಗೇ ಬಂದು ಕೂತಿತು, ಮೈಸೂರು ಅನಂತಸ್ವಾಮಿ, ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಮನೆಮಂದಿಯೇ ಆದರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಅವರ ಹಾಡು ಹೇಳುವಾಗ ನಮ್ಮ ಮಕ್ಕಳಿಗೆ ಅದು ನೆರೆಮನೆಯ ಅಜ್ಜನ ಹಾಡು. ಭಾಗವತಿಕೆಯ ಕ್ಯಾಸೆಟ್ಟುಗಳೂ ಬಂದವು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಯಕ್ಷಗಾನದ ಭಾಗವತ ಕಾಳಿಂಗ ನಾವಡರಿಗೆ ಇನ್ನೂ ಎಳೆಯ ಪ್ರಾಯ. ಅವರ ದನಿ ಈಗಲೂ ಎಷ್ಟೋ ಮನೆಗಳಲ್ಲಿ ಬದುಕಿದೆ.

ಯಂತ್ರದ ತಾಳ ನಮ್ಮ ಕಡೆಗೆ ಬಂದದ್ದು ಸಿನಿಮಾ ಹಾಡಿನ ಜೊತೆ. 1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖರ ಆ ಹಾಡುಗಳು ಬಸ್ಸು, ಹೋಟೆಲು, ಕ್ಯಾಸೆಟ್ ಅಂಗಡಿ ಎಲ್ಲವನ್ನೂ ತುಂಬಿದವು. ಅದಕ್ಕೂ ಮುಂಚೆ, 1982ರಲ್ಲಿ, ಮುಂಬೈಯ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಒಂದು ರೆಕಾರ್ಡಿಗಾಗಿ ಧ್ವನಿಮುದ್ರಿಸಿದ್ದರು. ಆಗ ಅದನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಶಿಕಾಗೊದ ಆಸಿಡ್ ಹೌಸ್ ಸಂಗೀತಕ್ಕಿಂತ ಕೆಲವು ವರ್ಷ ಮೊದಲೇ ಅದೇ ಬಗೆಯ ನಾದ ಅದರಲ್ಲಿತ್ತೆಂದು ಜಗತ್ತು ಅಚ್ಚರಿಪಟ್ಟದ್ದು ಎಷ್ಟೋ ವರ್ಷಗಳ ಮೇಲೆ. ಗೋವಾದ ಕಡಲತೀರದ ಟ್ರಾನ್ಸ್, 2007ರಲ್ಲಿ ಅಲ್ಲೇ ಶುರುವಾದ ಸನ್‌ಬರ್ನ್ ಉತ್ಸವ ಇವೆಲ್ಲ ಆಮೇಲಿನ ಮಾತು. ನಮ್ಮ ಹುಡುಗರಿಗೆ ಅವು ಸಿಕ್ಕಿದ್ದು ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ, ಮೊಬೈಲಿನಲ್ಲಿ.

ನನ್ನ ಅಕ್ಕನ ಮಗ ಹಾಗೆ ಹೋದವನು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಲ್ಯಾಪ್‌ಟಾಪಿನಲ್ಲಿ ಸಂಗೀತ. ಹಬ್ಬಕ್ಕೆ ಬಂದಾಗ ಒಮ್ಮೆ ಜಗಲಿಯಲ್ಲಿ ಕೂರಿಸಿಕೊಂಡು ತೋರಿಸಿದ. “ಮಾವ, ಇಲ್ಲಿ ನೋಡಿ, ನಿಮಿಷಕ್ಕೆ 128 ಬಡಿತ. ಈ ಕೆಳಗಿನ ಸದ್ದು ನಿಲ್ಲುವುದೇ ಇಲ್ಲ. ಮೇಲಿನದನ್ನೆಲ್ಲ ಒಂದೊಂದಾಗಿ ತೆಗೀತೀನಿ, ಆಮೇಲೆ ಇದನ್ನೂ ತೆಗೀತೀನಿ. ಜನ ಕಾಯ್ತಾರೆ. ಆಮೇಲೆ ಎಲ್ಲ ಒಟ್ಟಿಗೆ ಬರುತ್ತೆ.”

ಅವನು ಕೇಳಿಸಿದ. ಎಲ್ಲ ಸದ್ದೂ ಹಿಂದೆ ಸರಿದು, ಒಂದು ಎಳೆ ಮಾತ್ರ ಉಳಿದು, ಮತ್ತೆ ಅಷ್ಟೂ ನಾದ ಒಮ್ಮೆಲೆ ಬಂದಾಗ ನನಗೆ ನೆನಪಾದದ್ದು ನಡುರಾತ್ರಿ ಕಳೆದ ಮೇಲಿನ ಯಕ್ಷಗಾನ ಬಯಲಾಟ. ಜನಕ್ಕೆ ತೂಕಡಿಕೆ. ಭಾಗವತರ ದನಿ ಒಂದೇ, ಮದ್ದಳೆ ಮೆಲ್ಲಗೆ. ಚಂಡೆಯವನು ಕೋಲು ಹಿಡಿದು ಸುಮ್ಮನೆ ಕೂತಿದ್ದಾನೆ. ಇನ್ನೇನು ರಾಕ್ಷಸ ವೇಷ ಬರಬೇಕು. ಭಾಗವತರು ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ಚಂಡೆ ಒಮ್ಮೆಲೆ ಸಿಡಿಯುತ್ತದೆ, ಬಯಲಿನ ಕೊನೆಯಲ್ಲಿ ಚಾದರ ಹೊದ್ದವರೂ ಎದ್ದು ಕೂರುತ್ತಾರೆ. ಅದಕ್ಕೆ ಕಾದಿದ್ದವರಿಗೆ ಮಾತ್ರ ಆ ಸದ್ದಿನ ಬೆಲೆ ಗೊತ್ತು. ನಾನು ಇದನ್ನು ಹೇಳಿದಾಗ ಹುಡುಗ ತಕ್ಷಣ ಒಪ್ಪಿದ. ಚಿಕ್ಕವನಿದ್ದಾಗ ಅಜ್ಜನ ತೊಡೆಯ ಮೇಲೆ ಮಲಗಿದ್ದವನು ಚಂಡೆಗೆ ಎಚ್ಚರಾಗುತ್ತಿದ್ದನಂತೆ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಭಾಗವತರ ತಾಳ ವೇಷಧಾರಿಯ ಉಸಿರಿಗೆ ಕಿವಿಗೊಡುತ್ತದೆ. ಅವನು ದಣಿದರೆ ಕಾಲ ತುಸು ಇಳಿಯುತ್ತದೆ, ಹುಮ್ಮಸ್ಸಿನಲ್ಲಿದ್ದರೆ ಏರುತ್ತದೆ. ಯಂತ್ರದ ಬಡಿತಕ್ಕೆ ದಣಿವಿಲ್ಲ. ಇನ್ನೊಂದು ವ್ಯತ್ಯಾಸ ಇನ್ನೂ ದೊಡ್ಡದು. ಬಯಲಾಟದಲ್ಲಿ ಕುಣಿಯುವವರು ರಂಗದ ಮೇಲಿದ್ದರು, ನಾವು ಕೂತಿದ್ದೆವು. ಗಣಪತಿ ಬಿಡುವ ದಿನ ಬಿಟ್ಟರೆ ನೋಡುವವನ ಮೈಗೆ ಕುಣಿಯುವ ಸಲುಗೆ ಸಿಕ್ಕಿದ್ದು ಕಡಿಮೆ. ಹೊಸ ಸಂಗೀತ ಆ ಸಲುಗೆಯನ್ನು ಕೊಟ್ಟಿತು, ಹೆಣ್ಣುಮಕ್ಕಳಿಗೂ ಕೊಟ್ಟಿತು. ಇದು ಸಣ್ಣ ಸಂಗತಿಯಲ್ಲ. ಅದನ್ನು ಗದ್ದಲವೆಂದು ತಳ್ಳಿಹಾಕುವವರು ಇದನ್ನೂ ಯೋಚಿಸಬೇಕು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂಬ ನಿಯಮ ಈಗ ಡಿಜೆಗೂ ಇದೆ, ಬಯಲಾಟಕ್ಕೂ ಇದೆ. ಕಾಯಿಲೆಯವರು, ಓದುವ ಮಕ್ಕಳು ಇರುವ ಊರಿನಲ್ಲಿ ಆ ನಿಯಮ ಬೇಕು. ಆದರೂ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಒಗ್ಗಿಕೊಂಡ ಮೇಲೆ, ಬೆಳಗಾಗುವವರೆಗೆ ಕೂತು ಕೇಳುವ ಅಭ್ಯಾಸ ಊರಿನಲ್ಲಿ ಕರಗುತ್ತಿದೆ. ಹೆಡ್‌ಫೋನಿನಲ್ಲಿ ರಾತ್ರಿಗೆ ಮಿತಿಯಿಲ್ಲ, ಆದರೆ ಅಲ್ಲಿ ಪಕ್ಕದಲ್ಲಿ ತೂಕಡಿಸುವ ಅಜ್ಜನೂ ಇಲ್ಲ.

ಕಳೆದ ದೀಪಾವಳಿಗೆ ಹುಡುಗ ನಮ್ಮೂರ ಅಂಟಿಗೆ ಪಂಟಿಗೆಯವರ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದ. ಅದರ ಕೆಳಗೆ ತನ್ನ ತಾಳ ಹಾಕಲು ನೋಡಿದ. ಕೂಡಲಿಲ್ಲ. ಹಾಡುವವರು ಒಂದು ಕಡೆ ಎಳೆಯುತ್ತಾರೆ, ಒಂದು ಕಡೆ ಓಡುತ್ತಾರೆ. ಏರು ಹತ್ತಿ ಬಂದ ಮನೆಯ ಮುಂದೆ ಹಾಡಿದ್ದು ಬೇರೆ ಗತಿ, ಸಮತಟ್ಟಿನ ಮನೆಯದು ಬೇರೆ. ಸಾಫ್ಟ್‌ವೇರಿನಲ್ಲಿ ದನಿಯನ್ನು ಎಳೆದು ತಾಳಕ್ಕೆ ಕೂರಿಸಬಹುದಂತೆ. ಹಾಗೆ ಕೂರಿಸಿ ನೋಡಿದರೆ, ಒಂದು ಜೋಡಿಯ ಮೇಲೆ ಇನ್ನೊಂದು ಜೋಡಿ ಬಂದು ಕೂರುವ ಆ ಜಾಗವೇ ಕೆಟ್ಟಿತು. ಕೊನೆಗೆ ಅವನು ತಾಳವನ್ನೇ ತೆಗೆದು, ಕೆಳಗೆ ಒಂದು ದಪ್ಪ ಶ್ರುತಿಯನ್ನಷ್ಟೇ ಹಿಡಿಸಿದ. ಊರಿಗೆ ಬಂದು ತಂಡದ ಹಿರಿಯರಿಗೆ ಕೇಳಿಸಿದ. ಅವರು ಪೂರ್ತಿ ಕೇಳಿದರು. ಶ್ರುತಿಯ ಬಗ್ಗೆ ಏನೂ ಹೇಳಲಿಲ್ಲ. “ಚೆನ್ನಾಗಿದೆ ಮಾರಾಯ. ಆದರೆ ಬಾಗಿಲು ತೆಗೆಸಿ ಅಲ್ಲೇ ನಿಲ್ಲಿಸಿದ್ದೀಯಲ್ಲ, ಎಣ್ಣೆಯ ಪದ ಎಲ್ಲಿ? ಅದಿಲ್ಲದೆ ಮುಂದಿನ ಮನೆಗೆ ಹೋಗೋದು ಹೇಗೆ?” ಎಂದರು. ತಂಡದಲ್ಲಿ ಹಿಂದೆ ಹಾಡುವ ಒಬ್ಬರು ಮಗನ ಜೊತೆ ಮಂಗಳೂರಿಗೆ ಹೋಗಿದ್ದಾರೆ, ಜಾಗ ಖಾಲಿ ಇದೆ ಎಂದೂ ಹೇಳಿದರು. ಹುಡುಗ ಈ ವರ್ಷ ದೀಪಾವಳಿಗೆ ರಜೆ ಹಾಕಿದ್ದಾನೆ; ಫೋನಿನಲ್ಲಿ ಎಣ್ಣೆಯ ಪದ ಕಲಿಯುತ್ತಿದ್ದಾನೆ.