ಧರಣೇಂದ್ರನ ಆರಾಧನೆ ಮತ್ತು ಶ್ರಾವಕನ ಕರ್ತವ್ಯ

ಶಿರಸಿ ತಾಲೂಕಿನ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿ, ಐದು ಹೆಡೆಗಳ ನಾಗಶಿಲೆಯೊಂದಿದೆ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಚುಟು ವಂಶದ ಸಾತಕರ್ಣಿಯ ಕಾಲದಲ್ಲಿ, ಎಂದರೆ ಕ್ರಿ.ಶ. ಸುಮಾರು 2-3ನೆಯ ಶತಮಾನದಲ್ಲಿ, ರಾಜಪುತ್ರಿಯೊಬ್ಬಳು ಈ ನಾಗಪ್ರತಿಮೆಯನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನವಾಗಿತ್ತಳೆಂದು ಶಾಸನವು ತಿಳಿಸುತ್ತದೆ. ನಾಗನನ್ನು ಕಡೆದ ಶಿಲ್ಪಿಯ ಹೆಸರು ನಟಕ. ಕದಂಬರು ರಾಜ್ಯ ಕಟ್ಟುವುದಕ್ಕಿಂತ ಮೊದಲೇ ಈ ನಾಡಿನಲ್ಲಿ ನಾಗನಿಗೆ ಗೌರವವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಗೌರವವು ಒಂಟಿಯಾಗಿ ನಿಂತಿರಲಿಲ್ಲವೆಂಬುದೂ ಗಮನಾರ್ಹ. ನಾಗಪ್ರತಿಮೆಯ ಜೊತೆಯಲ್ಲಿಯೇ ಜೀವಿಗಳಿಗೆ ನೀರು, ಸಾಧಕರಿಗೆ ನೆಲೆ ದೊರೆತವು.

ಇಂದಿಗೂ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ನಾಗನಿಲ್ಲದ ಊರಿಲ್ಲವೆಂದರೂ ನಡೆದೀತು. ತೋಟದ ಅಂಚಿನಲ್ಲಿ, ಮರದ ಬುಡದಲ್ಲಿ, ಕೆರೆಯ ಏರಿಯ ಮೇಲೆ ನಾಗರಕಲ್ಲುಗಳಿವೆ. ಜೈನರ ಬಸದಿಗಳಲ್ಲಿಯೂ ನಾಗನ ಸಾನ್ನಿಧ್ಯವುಂಟು. ಸಿದ್ದಾಪುರ ತಾಲೂಕಿನ ಬಿಳಗಿಯ ರತ್ನತ್ರಯ ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಆರಾಧನೆಯುಂಟು. ಸೋಂದೆಯ ಸ್ವಾದಿ ಜೈನ ಮಠದ ಪರಂಪರೆಯು ಈ ಭಾಗದ ಶ್ರಾವಕರಿಗೆ ಚಿರಪರಿಚಿತವಾದುದು. ಸ್ವಾಮಿಯ ಶಿರದ ಮೇಲಿನ ಹೆಡೆಗಳನ್ನು ಕಂಡ ಮಗುವು ಮೊದಲು ಕೇಳುವ ಪ್ರಶ್ನೆಯೇ ಆ ಹಾವು ಯಾರೆಂಬುದು. ಧರಣೇಂದ್ರನೆಂದು ಹಿರಿಯರು ಉತ್ತರಿಸುತ್ತಾರೆ, ಪದ್ಮಾವತಿ ಅಮ್ಮನವರ ಹೆಸರನ್ನೂ ಹೇಳುತ್ತಾರೆ, ಕೈ ಮುಗಿಸುತ್ತಾರೆ. ಅದೇ ಮನೆಯ ಕೊಟ್ಟಿಗೆಯಲ್ಲಿ ಅದೇ ಸಂಜೆ ಹಾವೊಂದು ಕಾಣಿಸಿಕೊಂಡರೆ ದೊಣ್ಣೆ ಹುಡುಕುವವರೂ ಹಲವೊಮ್ಮೆ ಆ ಹಿರಿಯರೇ. ಶಿಲೆಯ ನಾಗನಿಗೆ ಅರ್ಘ್ಯ, ಜೀವಂತ ನಾಗನಿಗೆ ಪೆಟ್ಟು. ಈ ಎರಡನ್ನೂ ಒಂದೇ ಮನಸ್ಸು ಹೇಗೆ ಧರಿಸಬಲ್ಲುದು ಎಂಬುದು ಕೇವಲ ವ್ಯಂಗ್ಯದ ಮಾತಲ್ಲ. ಆರಾಧನೆ ಎಂದರೇನು ಎಂಬ ಮೂಲಪ್ರಶ್ನೆಯೇ ಇದರಲ್ಲಿ ಅಡಗಿದೆ.

ಉತ್ತರಕ್ಕಾಗಿ ಧರಣೇಂದ್ರನ ಕಥೆಗೇ ಹಿಂದಿರುಗಬೇಕು. ವಾರಾಣಸಿಯ ರಾಜಕುಮಾರನಾದ ಪಾರ್ಶ್ವನು ಒಮ್ಮೆ ಪಂಚಾಗ್ನಿ ತಪಸ್ಸನ್ನಾಚರಿಸುತ್ತಿದ್ದ ತಾಪಸನೊಬ್ಬನನ್ನು ಕಂಡನು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಆ ತಾಪಸನು ಕುಮಾರನ ತಾಯಿಯ ತಂದೆಯೇ ಆಗಿದ್ದಾನೆ. ಅಗ್ನಿಗೆಂದು ತಂದ ಕೊರಡಿನೊಳಗೆ ಸರ್ಪಯುಗಲವಿರುವುದನ್ನು ಕುಮಾರನು ತನ್ನ ಅವಧಿಜ್ಞಾನದಿಂದ ಅರಿತು, ಬೇಡವೆಂದು ತಡೆದನು. ಹಿರಿಯನು ಕೋಪಗೊಂಡನು; ಮಾತು ನಡೆಯಲಿಲ್ಲ. ಕೊಡಲಿಯ ಪೆಟ್ಟಿಗೆ ಹಾವುಗಳು ತುಂಡಾದವೆಂದು ಒಂದು ಕಥನ, ಬೆಂಕಿಯಲ್ಲಿ ಬೆಂದವೆಂದು ಮತ್ತೊಂದು ಕಥನ. ಪ್ರಾಣ ಹೋಗುವ ವೇಳೆಯಲ್ಲಿ ಅವು ಕುಮಾರನ ಶಾಂತವಚನವನ್ನು ಕೇಳಿದವು. ಆ ಪರಿಣಾಮ ವಿಶುದ್ಧಿಯಿಂದ ನಾಗಕುಮಾರ ದೇವರಲ್ಲಿ ಧರಣೇಂದ್ರನಾಗಿಯೂ ಪದ್ಮಾವತಿಯಾಗಿಯೂ ಜನಿಸಿದವು. ಮುಂದೆ ಪಾರ್ಶ್ವನು ದೀಕ್ಷೆ ಪಡೆದು ಧ್ಯಾನಸ್ಥನಾಗಿದ್ದಾಗ, ಶಂಬರನೆಂಬ ದೇವನಾಗಿ ಹುಟ್ಟಿದ್ದ ಆ ತಾಪಸನು ಮಳೆ, ಗಾಳಿ, ಬಂಡೆಗಳಿಂದ ಉಪಸರ್ಗವನ್ನೆಸಗಿದನು. ಧರಣೇಂದ್ರನು ಹೆಡೆಯೆತ್ತಿ ನೆರಳಾದನು. ಪದ್ಮಾವತಿಯು ಛತ್ರ ಹಿಡಿದಳು. ಬಾದಾಮಿ ಮತ್ತು ಐಹೊಳೆಯ ಜೈನ ಗುಹೆಗಳಲ್ಲಿ ಈ ಪ್ರಸಂಗವನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಕಂಡರಿಸಿದ್ದಾರೆ. 9ನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಪಾರ್ಶ್ವಾಭ್ಯುದಯ ಕಾವ್ಯಕ್ಕೆ ಇದೇ ವಸ್ತುವನ್ನು ಆರಿಸಿಕೊಂಡರು.

ಈ ಕಥೆಯನ್ನು ಹಲವರು ಅದರ ಕೊನೆಯಿಂದ ಮಾತ್ರ ನೆನೆಯುತ್ತಾರೆ. ಹೆಡೆಯೆತ್ತಿ ಕಾಪಾಡಿದ ಬಲಶಾಲಿ ದೇವತೆಯಷ್ಟೇ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ದೇವತೆ ಹುಟ್ಟಿದ್ದು ಎಲ್ಲಿ? ಯಾರೂ ಗಮನಿಸದ, ಮಾತು ಬಾರದ ಒಂದು ಜೀವಿಯ ಮೇಲೆ ಬಾಲಕನೊಬ್ಬನಿಗೆ ಉಂಟಾದ ಅನುಕಂಪೆಯಲ್ಲಿ. ಧರಣೇಂದ್ರನು ಅನಾದಿಯಿಂದ ದೇವನಲ್ಲ. ಕೊರಡಿನೊಳಗಿದ್ದ ಹಾವೇ ಧರಣೇಂದ್ರನಾಯಿತು. ಆ ಹಾವನ್ನು ಬಿಟ್ಟು ಈ ದೇವನನ್ನು ಪೂಜಿಸುವುದು ಬೇರನ್ನು ಕಡಿದು ಹಣ್ಣಿಗೆ ಕೈ ಚಾಚಿದಂತೆ.

ಪೂರ್ವಭವಗಳ ವೃತ್ತಾಂತವು ಇನ್ನೊಂದು ಪಾಠವನ್ನು ಹೇಳುತ್ತದೆ. ಮರುಭೂತಿ ಮತ್ತು ಕಮಠ ಒಡಹುಟ್ಟಿದವರು. ಅಪರಾಧ ಮಾಡಿ ಗಡೀಪಾರಾದ ಅಣ್ಣನಲ್ಲಿಗೆ ಕ್ಷಮೆ ಬೇಡಲು ಹೋದವನು ತಮ್ಮ; ಶಿಲೆಯಿಂದ ಅವನನ್ನು ಕೊಂದವನು ಅಣ್ಣ. ಮುಂದಿನ ಭವದಲ್ಲಿ ಮರುಭೂತಿಯ ಜೀವವು ಆನೆಯಾಯಿತು, ಕಮಠನ ಜೀವವು ಕುಕ್ಕುಟಸರ್ಪವಾಗಿ ಅದನ್ನು ಕಚ್ಚಿತು. ಮತ್ತೊಂದು ಭವದಲ್ಲಿ ಅದೇ ಜೀವವು ಹೆಬ್ಬಾವಾಗಿ ಮುನಿಯನ್ನು ನುಂಗಿತು. ಎಂದರೆ ಒಂದೇ ಪುರಾಣದಲ್ಲಿ ಸರ್ಪಶರೀರವು ವೈರಕ್ಕೂ ಮನೆಯಾಗಿದೆ, ಕೃತಜ್ಞತೆಗೂ ಮನೆಯಾಗಿದೆ. ಆದುದರಿಂದ ಹಾವಿನ ರೂಪ ಪೂಜ್ಯವೂ ಅಲ್ಲ, ದ್ವೇಷ್ಯವೂ ಅಲ್ಲ. ಜೀವವನ್ನು ಮೇಲೆತ್ತುವುದೂ ಕೆಳಕ್ಕಿಳಿಸುವುದೂ ಭಾವವೇ. ಹಾವೆಂದ ಮಾತ್ರಕ್ಕೆ ಹೆದರಿ ಹೊಡೆಯುವವನೂ, ಹಾವೆಂದ ಮಾತ್ರಕ್ಕೆ ಹರಕೆ ಹೊರುವವನೂ ಶರೀರವನ್ನೇ ನೋಡಿದರು, ಜೀವವನ್ನು ನೋಡಲಿಲ್ಲ. ಸ್ವಾಮಿಯಾದರೋ ಬಂಡೆ ಎಸೆದವನಲ್ಲಿಯೂ ನೆರಳು ಹಿಡಿದವನಲ್ಲಿಯೂ ಸಮಭಾವದಿಂದಿದ್ದನು.

ಹಾಗಾದರೆ ಧರಣೇಂದ್ರ, ಪದ್ಮಾವತಿಯರನ್ನು ಪೂಜಿಸಬಾರದೆ? ಇದು ಸಮಾಜದಲ್ಲಿ ಬಹುಕಾಲದ ಚರ್ಚೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವರಗಳ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆಯೆಂದು ಎಣಿಸಿದರು. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಶಾಸನದೇವತೆಗಳಿಗೆ ಶಾಸನರಕ್ಷಕರೆಂಬ ಸ್ಥಾನದಲ್ಲಿ ಗೌರವ ಸಲ್ಲಿಸಬೇಕೆಂದರು. ಅವರನ್ನು ಜಿನನಿಗೆ ಸಮಾನರೆಂದು ಭಾವಿಸಿದವನು ಅಧೋಗತಿಗೆ ಇಳಿಯುತ್ತಾನೆಂದೂ ಎಚ್ಚರಿಸಿದರು. ದಕ್ಷಿಣದ ಬಸದಿಗಳ ಆಚರಣೆಯು ಈ ಎರಡನೆಯ ಮಾತಿನ ಆಧಾರದಲ್ಲಿ ನಿಂತಿದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಧರಣೇಂದ್ರನು ತನ್ನ ಖಾತೆಯಲ್ಲಿದ್ದ ಋಣವನ್ನು ಯಾರೂ ಕೇಳದೆ ತಾನಾಗಿ ತೀರಿಸಿದವನು. ಅವನನ್ನು ಗೌರವಿಸುವುದೆಂದರೆ ಆ ಕೃತಜ್ಞತೆಯನ್ನು ಕಲಿಯುವುದು. ತಾನು ಒಂದು ಕಾಸೂ ಜಮೆ ಮಾಡದೆ ಅವನ ಖಾತೆಯಿಂದ ಸಂತಾನ, ಸಂಪತ್ತು, ಆರೋಗ್ಯಗಳನ್ನು ಪಡೆಯಬಯಸುವವನದು ಪೂಜೆಯಲ್ಲ, ಬೇಡಿಕೆ.

ಇಲ್ಲಿಯೇ ತಾಪಸನ ಪಾತ್ರವನ್ನೂ ವಿಚಾರಿಸಬೇಕು. ಅವನು ಕಳ್ಳನಲ್ಲ, ಬೇಟೆಗಾರನಲ್ಲ. ಅವನು ಧರ್ಮಾಚರಣೆಯಲ್ಲಿಯೇ ತೊಡಗಿದ್ದನು. ಹಾವುಗಳು ಸತ್ತದ್ದು ಪಾಪಕಾರ್ಯದಲ್ಲಲ್ಲ, ಪುಣ್ಯಕಾರ್ಯವೆಂದು ಕೈಗೊಂಡ ಕ್ರಿಯೆಯಲ್ಲಿ. ಕುಮಾರನ ಪ್ರಶ್ನೆ ತಪಸ್ಸಿನ ವಿರುದ್ಧವಾಗಿರಲಿಲ್ಲ. ಕೊರಡಿನೊಳಗೆ ಏನಿದೆಯೆಂದು ನೋಡದೆ ಬೆಂಕಿ ಹಚ್ಚುವ ಪ್ರಮಾದದ ವಿರುದ್ಧವಾಗಿತ್ತು. ಇಂದಿನ ನಾಗರಪಂಚಮಿಯಲ್ಲಿ ಹುತ್ತದೊಳಕ್ಕೆ ಹಾಲು ಸುರಿಯುವ ಭಕ್ತನಿಗೂ ಅದೇ ಪ್ರಶ್ನೆ ಸಲ್ಲುತ್ತದೆ. ಹಾವು ಮಾಂಸಾಹಾರಿ, ಹಾಲು ಅದರ ಆಹಾರವೇ ಅಲ್ಲ. ಪೂಜೆಗೆಂದು ಹಿಡಿದು ತಂದ ಹಾವುಗಳ ಹಲ್ಲು ಕಿತ್ತು, ದಿನಗಟ್ಟಲೆ ಬಾಯಾರಿಸಿ, ಅನಂತರ ಹಾಲು ಕುಡಿಸುವ ಕ್ರೌರ್ಯವು ನಾಡಿನ ಹಲವೆಡೆ ನಡೆದುಬಂದಿದೆ. ಪೂಜೆಯಿಂದ ಮನೆಗೆ ಮರಳಿದವನು ಸಂತುಷ್ಟ. ಪೂಜಿತವಾದ ಹಾವು ಮಾತ್ರ ಸಾಯುತ್ತದೆ. ಪಂಚಾಗ್ನಿಯ ಕೊರಡಿಗೂ ಇದಕ್ಕೂ ವ್ಯತ್ಯಾಸವೇನು?

ಪ್ರಾಣಭಯವಿರುವಾಗ ಏನು ಮಾಡಬೇಕೆಂಬ ಆಕ್ಷೇಪವು ನ್ಯಾಯವಾದುದೇ. ಶಾಸ್ತ್ರಕಾರರು ಗೃಹಸ್ಥನ ಕಷ್ಟವನ್ನು ಅರಿಯದವರಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ, ಉಳಿದವುಗಳಲ್ಲಿ ಯತ್ನಾಚಾರದಿಂದ ಇರಬೇಕೆಂದೂ ವಿಧಿಸಿದ್ದಾರೆ. ಆತ್ಮರಕ್ಷಣೆಗಾಗಿ ಅನಿವಾರ್ಯವಾದುದು ವಿರೋಧೀ ಹಿಂಸೆ. ಆದರೆ ಈ ಹೆಸರಿನಡಿಯಲ್ಲಿ ಎಲ್ಲವನ್ನೂ ಜಮೆ ಮಾಡಲಾಗದು. ಅಂಗಳದಾಚೆ ಹರಿದು ಹೋಗುತ್ತಿರುವ ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಸಂಕಲ್ಪೀ ಹಿಂಸೆಯೇ ಸರಿ. ವಿಷವಿಲ್ಲದ, ಇಲಿಗಳನ್ನು ತಿಂದು ಭತ್ತವನ್ನು ಉಳಿಸುವ ಕೇರೆಹಾವನ್ನು ನಾಗರವೆಂದು ತಿಳಿದು ಕೊಂದರೆ ಅಜ್ಞಾನವೂ ಸೇರಿಕೊಂಡಿತು. ಘಟ್ಟದ ಕಾಡುಗಳ ಕಾಳಿಂಗ ಸರ್ಪವು ಬೇರೆ ಹಾವುಗಳನ್ನೇ ತಿಂದು ಬದುಕುವಂಥದು, ಮನುಷ್ಯನನ್ನು ಕಚ್ಚುವುದು ಬಹು ವಿರಳ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಕನ್ನಡಿಗರು ಕರೆಯುವ ಕಾಳಿಂಗವೆಂಬ ಹೆಸರನ್ನೇ ಅದಕ್ಕಿಟ್ಟರು. ಹೆಸರು ಕೊಟ್ಟ ಜನರಿಗೆ ಅದರ ಸ್ವಭಾವವೂ ತಿಳಿದಿರಬೇಡವೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೆ ರಕ್ಷಣೆ ನೀಡಿದೆ. ಕಾನೂನು ಹೇಳುವ ಮೊದಲೇ ವ್ರತವು ಹೇಳಿತ್ತೆಂಬುದನ್ನು ಶ್ರಾವಕನು ನೆನೆಯಬೇಕು.

ಆದರೆ ಹಾವನ್ನು ಕೊಲ್ಲದಿದ್ದರೆ ಅಹಿಂಸೆ ಪೂರ್ಣವಾಯಿತೆಂದು ತಿಳಿಯುವುದೂ ತಪ್ಪು. ಈ ಮೂರು ತಾಲೂಕುಗಳ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿಂದ ಹಸಿಸೊಪ್ಪು, ದರಕು ಬರುತ್ತವೆ. ಹೊರೆ ಹೊತ್ತು ತರುವವರು, ಬುಡಕ್ಕೆ ಹಾಸುವವರು, ಬಿದ್ದ ಅಡಿಕೆಯನ್ನು ಹೆಕ್ಕುವವರು ಬಹುಮಟ್ಟಿಗೆ ಕೂಲಿಯವರು, ಅವರಲ್ಲಿಯೂ ಹಲವರು ಬರಿಗಾಲಿನವರು. ಕೊಳಕುಮಂಡಲವು ಒಣಗಿದ ಎಲೆಗಳ ನಡುವೆ ಎಲೆಯಂತೆಯೇ ಮಲಗಿರುತ್ತದೆ. ಹಾವಿನ ಕಡಿತದಿಂದ ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 58,000 ಜನರು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಜಗುಲಿಯ ಮೇಲೆ ಕುಳಿತ ಯಜಮಾನನು ಹಾವಿಗೆ ಅಭಯವಿತ್ತು, ಅದರ ಬೆಲೆಯನ್ನು ಕೂಲಿಯವನ ಕಾಲು ತೆರುವುದಾದರೆ, ಆ ಅಭಯದಾನದ ಪುಣ್ಯ ಯಾರದು? ಪಾದರಕ್ಷೆ, ಬ್ಯಾಟರಿ, ಹೊರೆಯನ್ನು ಕೋಲಿನಿಂದ ತಟ್ಟಿ ನೋಡುವ ಅಭ್ಯಾಸ, ಕಡಿತವಾದೊಡನೆ ಆಸ್ಪತ್ರೆಗೆ ಒಯ್ಯಲು ವಾಹನ. ಇವನ್ನು ಒದಗಿಸುವುದು ಕೂಲಿಯವನಿಗೆ ಮಾಡಿದ ಉಪಕಾರವಲ್ಲ, ಯಜಮಾನನ ಅಹಿಂಸಾವ್ರತದ ಅಂಗ.

ಕಡಿತವಾದಾಗ ಮಂತ್ರವಾದಿಯ ಮನೆಯ ಮುಂದೆ ಕಳೆಯುವ ಗಳಿಗೆಗಳೂ ಪ್ರಮಾದವೇ. ಮಹಾಕವಿ ಧನಂಜಯನ ವಿಷಾಪಹಾರ ಸ್ತೋತ್ರದ ಮಹಿಮೆಯನ್ನು ಶ್ರಾವಕರೆಲ್ಲರೂ ಕೇಳಿದ್ದಾರೆ. ಅದರ ಪಾರಾಯಣವು ಮನಸ್ಸಿನ ಕಷಾಯವೆಂಬ ವಿಷವನ್ನು ಇಳಿಸಲಿ. ರಕ್ತದಲ್ಲಿ ಸೇರಿದ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಆಸ್ಪತ್ರೆಯಲ್ಲಿದೆ. ರೋಗಿಯ ಜೊತೆಗೆ ಹೋದವರು ದಾರಿಯಲ್ಲಿಯೇ ಸ್ತೋತ್ರವನ್ನು ಹೇಳಿಕೊಳ್ಳಬಹುದು; ಭಕ್ತಿಗೆ ಅದರಿಂದ ಕುಂದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಆವರಣದ ಗಿಡಗಂಟಿಗಳನ್ನು ಬೆಂಕಿಯಿಟ್ಟು ತೆಗೆಯುವ ಬದಲು ಕೈಯಿಂದ ತೆಗೆಸುವುದು, ಹುತ್ತಗಳನ್ನು ಅಗೆಯದಿರುವುದು, ಹಾವು ಬಂದರೆ ಅರಣ್ಯ ಇಲಾಖೆಗೋ ಬಲ್ಲವರಿಗೋ ತಿಳಿಸುವುದು, ಹತ್ತಿರದಲ್ಲಿ ಪ್ರತಿವಿಷವಿರುವ ಆಸ್ಪತ್ರೆಯ ಹೆಸರನ್ನು ಬಸದಿಯ ಫಲಕದಲ್ಲಿ ಬರೆಸುವುದು. ಇವು ಹೆಚ್ಚಿನ ವೆಚ್ಚದ ಕಾರ್ಯಗಳಲ್ಲ. ಪಂಚಮಿಯ ದಿನ ಹುತ್ತಕ್ಕೆ ಹೋಗುವ ಹಾಲು ಊರಿನ ಮಕ್ಕಳಿಗೆ ದೊರೆಯುವಂತೆ ಮಾಡಿದರೆ ನಾಗನಿಗೆ ನಷ್ಟವೇನೂ ಇಲ್ಲ. ನಡೆದುಬಂದ ಪದ್ಧತಿಯನ್ನು ಬದಲಿಸುವುದು ಅಸಾಧ್ಯವೆನ್ನುವವರು ಶಿರಸಿಯ ಮಾರಿಕಾಂಬೆಯ ಜಾತ್ರೆಯನ್ನು ನೆನೆಯಬೇಕು. 1934ರಲ್ಲಿ ಮಹಾತ್ಮಾ ಗಾಂಧಿಯವರು ಶಿರಸಿಗೆ ಬಂದ ಕಾಲದಲ್ಲಿ ಅಲ್ಲಿಯ ಕೋಣಬಲಿಯ ಪ್ರಶ್ನೆ ಎದ್ದು, ಬಲಿಯು ನಿಂತಿತು. ಬಲಿ ನಿಂತರೂ ಜಾತ್ರೆ ನಿಲ್ಲಲಿಲ್ಲ. ಇಂದಿಗೂ ಎರಡು ವರ್ಷಗಳಿಗೊಮ್ಮೆ ವೈಭವದಿಂದ ನಡೆಯುತ್ತಿದೆ. ಹಿಂಸೆಯನ್ನು ತೆಗೆದರೆ ಭಕ್ತಿ ಕುಸಿಯುವುದೆಂಬ ಭಯ ನಿರಾಧಾರವೆಂದು ಆ ಊರೇ ತೋರಿಸಿದೆ.

ಧರಣೇಂದ್ರನು ಸ್ವಾಮಿಯ ಮೇಲೆ ಹೆಡೆಯೆತ್ತಿದ್ದು ಸ್ವಾಮಿಗೆ ರಕ್ಷಣೆ ಬೇಕಾಗಿತ್ತೆಂದಲ್ಲ. ತನಗೆ ಕೃತಜ್ಞತೆ ಬೇಕಾಗಿತ್ತೆಂದು. ಪೂಜೆಗೆ ನಿಂತ ಶ್ರಾವಕನು ಆ ಹೆಡೆಗಳ ನೆರಳನ್ನು ಬೇಡುವ ಮೊದಲು ತನ್ನ ಕೈಯಲ್ಲಿರುವ ಕೊರಡನ್ನು ನೋಡಿಕೊಳ್ಳಬೇಕು. ಅದರೊಳಗೆ ಜೀವವಿದೆಯೆ ಎಂದು ಕೇಳುವವನು ಪಾರ್ಶ್ವನ ಕಡೆಯವನು. ಕೇಳದೆ ಬೆಂಕಿ ಹಚ್ಚುವವನು, ಎಷ್ಟೇ ತಪಸ್ಸು ಮಾಡಿದರೂ, ಕಮಠನ ಕಡೆಯವನು.